ಮೈಲಾರಲಿಂಗಪ್ಪನ ಖಾತ್ರಿ

೧೯೩೭ನೆಯ ಇಸವಿ ನವೆಂಬರ ೧೪, ರವಿವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ತಿಳವಳ್ಳಿಯ ಆಚೆ ಹಿರೇಕೆರೂರ ರಸ್ತೆಯ ಬದಿಯ ಗೋಣಿಮರದ ಬುಡದಲ್ಲಿ ವಾದಿರಾಜನ ನಾಡಿ ನಿಂತಿತು. ನಾಡಿ ಹಿಡಿದು ಕುಳಿತಿದ್ದವನು ಅವನ ಅಣ್ಣ, ಸವಣೂರಿನ ಡಾಕ್ಟರ ರಾಘಣ್ಣ. ವೃತ್ತಿಯ ರೂಢಿಯಂತೆ ಅವನ ಇನ್ನೊಂದು ಕೈ ತಾನಾಗಿ ಜೇಬಿನಿಂದ ಗಡಿಯಾರ ತೆಗೆದು ಹೊತ್ತು ನೋಡಿತು. ಆಮೇಲೆ ಬಹಳ ದಿನ ಅವನಿಗೆ ಆ ಕೈಯನ್ನು ಕಂಡರೆ ಅಸಹ್ಯವಾಗುತ್ತಿತ್ತು.

ಅಣ್ಣತಮ್ಮಂದಿರು ವಾದಿರಾಜನಿಗೆ ಕನ್ಯೆ ನೋಡಲು ಹಿರೇಕೆರೂರಿಗೆ ಹೊರಟಿದ್ದರು. ಮೋಟಾರುಗಾಡಿ ನಡೆಸುತ್ತಿದ್ದವನು ವಾದಿರಾಜನೇ. ರಸ್ತೆ ನೇರವಾಗಿತ್ತು, ನೆಲ ಒಣಗಿತ್ತು, ಎದುರಿಗೆ ಒಂದು ಕುರಿಯೂ ಇರಲಿಲ್ಲ. "ಅಣ್ಣಾ, ಇದು ತಿರಗವಲ್ದು" ಎಂದ ಅವನು. ಹೆದರಿದ ದನಿಯಲ್ಲಿ ಅಲ್ಲ, ಸೋಜಿಗಪಟ್ಟವನ ದನಿಯಲ್ಲಿ. ಗಾಡಿ ರಸ್ತೆ ಬಿಟ್ಟು ಗೋಣಿಮರಕ್ಕೆ ಬಡಿಯುವ ಮೊದಲು ಅವನಾಡಿದ ಕೊನೆಯ ಮಾತು ಅದೇ.

ಮರುದಿನ ರಾಘಣ್ಣ ಅದೇ ಮರದ ಕೆಳಗೆ ಅಂಗಾತ ಮಲಗಿ ಗಾಡಿಯ ಅಡಿಗೆ ತೆವಳಿದ. ಸ್ಟಿಯರಿಂಗಿನಿಂದ ಮುಂದಿನ ಗಾಲಿಗೆ ಹೋಗುವ ರಾಡು ತುಂಡಾಗಿ ಜೋತುಬಿದ್ದಿತ್ತು. ಮುರಿದ ಬಾಯಿಯನ್ನು ಅರಿವೆಯಿಂದ ಒರೆಸಿ ನೋಡಿದ. ಅದರ ಅಂಚಿನ ಒಂದು ಸಣ್ಣ ಭಾಗ ಮಾತ್ರ ಹೊಸದಾಗಿ ಬೆಳ್ಳಗೆ ಹೊಳೆಯುತ್ತಿತ್ತು. ಉಳಿದದ್ದೆಲ್ಲ ಕಂದು, ಹಳೆಯ ತುಕ್ಕು. ರಾಡು ಎಂದೋ ಬಿರುಕುಬಿಟ್ಟಿತ್ತು. ಯಾರೋ ಮೇಲಿಂದ ಮೇಲೆ ಬೆಸುಗೆ ಸವರಿ, ಕರೇ ಬಣ್ಣ ಬಳಿದು ಮುಚ್ಚಿದ್ದರು. ಕಾಲೇಜಿನಲ್ಲಿ ವಿಜ್ಞಾನ ಓದಿ ಆಮೇಲೆ ವೈದ್ಯನಾದವನಿಗೆ ಈ ತುಂಡು ಒಂದು ಶವಪರೀಕ್ಷೆಯಷ್ಟೇ ಸ್ಪಷ್ಟವಾಗಿತ್ತು.

ಗಾಡಿಯನ್ನು ಅವನು ಐದು ತಿಂಗಳ ಹಿಂದೆ ಶಿಗ್ಗಾಂವಿಯ ಮೈಲಾರಲಿಂಗಪ್ಪನಿಂದ ಕೊಂಡಿದ್ದ. ಹುಬ್ಬಳ್ಳಿ, ಬೆಳಗಾವಿಯ ಸಾಹೇಬರು ಬಳಸಿ ಬಿಟ್ಟ ಮೋಟಾರುಗಳನ್ನು ತಂದು, ಬಣ್ಣ ಹೊಡೆಸಿ ಮಾರುವುದು ಮೈಲಾರಲಿಂಗಪ್ಪನ ವ್ಯಾಪಾರ. ಆ ಸುತ್ತಿನಲ್ಲಿ ಇಂಥ ವ್ಯಾಪಾರ ಮಾಡುವವರು ಬೇರೆ ಇದ್ದರೂ ಖಾತ್ರಿಪತ್ರ ಕೊಡುತ್ತಿದ್ದವನು ಅವನೊಬ್ಬನೇ. "ಈ ಗಾಡಿಯ ಸ್ಟಿಯರಿಂಗು, ಬ್ರೇಕು, ಚಾಸಿ ಮೂರನ್ನೂ ನಾವೇ ಓಡಿಸಿ ನೋಡಿ ಖಾತ್ರಿ ಮಾಡಿದ್ದೇವೆ. ಆರು ತಿಂಗಳೊಳಗೆ ಯಾವ ಭಾಗ ಮುರಿದರೂ ಹೊಸದು ಹಾಕಿಕೊಡುವ ಹೊಣೆ ನಮ್ಮದು." ಕೆಳಗೆ ದುಂಡು ಮುದ್ರೆ, ಉದ್ದನ್ನ ಸಹಿ.

ರಾಘಣ್ಣ ಆ ತುಂಡನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಮೈಲಾರಲಿಂಗಪ್ಪನ ಮೇಜಿನ ಮೇಲೆ ಇಟ್ಟ. ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು.

"ಡಾಕ್ಟರ್ರ, ಆಗಬಾರ್ದಿತ್ತು, ಆಗೇತ್ರಿ" ಎಂದ ಮೈಲಾರಲಿಂಗಪ್ಪ. ತುಂಡನ್ನು ತಿರುಗಿಸಿ ನೋಡಿ, ಮುರಿದ ಬಾಯಿ ಮೇಜಿನ ಕಡೆಗೆ ಬರುವಂತೆ ಮಗುಚಿಟ್ಟ. "ನಾ ಹೇಳಿದ ಮಾತಿಗೆ ತಪ್ಪಾವಲ್ಲ. ಆರ ತಿಂಗಳೊಳಗ ಮುರದ್ರ ಹೊಸಾದು. ಮುರದೈತಿ. ಕೊಡ್ತೇನಿ. ಒಂದ ದುಗ್ಗಾಣಿ ತಗೊಳ್ಳಾಂಗಿಲ್ಲ."

"ನನ್ನ ತಮ್ಮ ಸತ್ತಾನ, ಮೈಲಾರಲಿಂಗಪ್ಪ."

"ಖಾತ್ರಿ ಗಾಡಿಗ್ರಿ. ಒಳಗ ಕುಂತಾವ್ರಿಗೆ ಬರದಿಲ್ಲ."

ಹಿಂದೆ ಯಾರೋ ನಗು ತಡೆದುಕೊಂಡು ಕೆಮ್ಮಿದರು.

"ಇದು ನೀ ಮಾರೂ ಮೊದಲ ಬೆಸಗಿ ಹಾಕಿದ ರಾಡು. ನಿನಗ ಗೊತ್ತಿತ್ತು."

"ಬೆಸಗಿ ನೀವ ಹಾಕ್ಸಿರಬೇಕ್ರಿ. ಸವಣೂರಾಗ ಕಮ್ಮಾರರಿಗೇನ ಬರಾ?" ಎಂದವನು ಒಳಗೆ ತಿರುಗಿ, "ಖಾದರಸಾಬ, ಡಾಕ್ಟರ್ ಸಾಹೇಬ್ರ ಗಾಡಿಗೆ ಒಂದ ಹೊಸಾ ರಾಡು ತೆಗದಿಡು" ಎಂದ.

ಹಾವೇರಿಯ ವಕೀಲರು ಖಾತ್ರಿಪತ್ರವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿದರು. "ರಾಘಣ್ಣ, ಅವ ಖಾತ್ರಿ ಮುರದಿದ್ರ ಫಿರ್ಯಾದಿ ಹಾಕಬಹುದಿತ್ತು. ಅವ ಪಾಲಿಸ್ಯಾನ. ಅದ ತೊಂದರಿ ಆಗೇದ ನೋಡು."

ಮಿಸ್ತ್ರಿ ಖಾದರಸಾಬ ಸವಣೂರಿಗೆ ಬಂದು ಹೊಸ ರಾಡು ಹಾಕಿದ. ಗಾಡಿ ಮತ್ತೆ ನೆಟ್ಟಗೆ ಓಡಿತು. ಹೆಂಡತಿ ವಿಮಲಾಬಾಯಿ ಅದರ ಕಡೆ ಮುಖ ಮಾಡುತ್ತಿರಲಿಲ್ಲ. "ಮಾರಿಬಿಡ್ರಿ ಅದನ್ನ" ಎಂದಳು ಒಂದು ದಿನ. "ಮಾರಿದ್ರ ಖಾತ್ರಿ ಕೊಡಬೇಕಾಗ್ತದ" ಎಂದ ರಾಘಣ್ಣ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಇಷ್ಟರಲ್ಲೇ ಇದು ಮುಗಿಯುತ್ತಿತ್ತೋ ಏನೋ. ದುಃಖ ಹಳೆಯದಾಗುತ್ತದೆ, ಸಿಟ್ಟು ಹುಳಿಯುತ್ತದೆ, ಹುಳಿತದ್ದನ್ನು ಮನುಷ್ಯ ಒಂದು ಮೂಲೆಗಿಟ್ಟು ಬಾಳುತ್ತಾನೆ. ಆದರೆ ಮಾರ್ಚ್ ತಿಂಗಳಲ್ಲಿ ದುಂಡಸಿಯ ಒಬ್ಬ ರೋಗಿ ಬೆನ್ನು ತೋರಿಸಲು ಬಂದವನು ಅಂಗಿ ಹಾಕಿಕೊಳ್ಳುತ್ತ ಕೇಳಿದ: "ಡಾಕ್ಟರ್ರ, ನಿಮ್ಮ ಗಾಡಿ ರಾಡು ಮುರದಾಗ ಮೈಲಾರಲಿಂಗಪ್ಪ ಎರಡ ಮಾತಾಡದ ಪುಕ್ಕಟ ಹೊಸಾದು ಕೊಟ್ನಂತ, ಖರೇನ್ರಿ? ಬಂದ ಗಿರಾಕಿಗೆಲ್ಲ ನಿಮ್ಮ ಹೆಸರ ಹೇಳಾಕತ್ತಾನ. ಸವಣೂರ ಡಾಕ್ಟರ್ರನ್ನ ಕೇಳ್ರಿ ಅಂತಾನ. ನಾನೂ ಒಂದ ಗಾಡಿ ತಗೋಬೇಕಂತ ಮಾಡೇನಿ."

ರಾಘಣ್ಣ ಕೈ ತೊಳೆಯುತ್ತಿದ್ದ. ತೊಳೆಯುತ್ತಲೇ ಇದ್ದ. ಕೇಳಿದ್ದು ನಿಜವೋ ಸುಳ್ಳೋ? ನಿಜ. ಪುಕ್ಕಟೆ ಕೊಟ್ಟಿದ್ದನೋ ಇಲ್ಲವೋ? ಕೊಟ್ಟಿದ್ದ.

"ಹೌದು" ಎಂದ.

ವಾದಿರಾಜನ ಸಾವು ಮೈಲಾರಲಿಂಗಪ್ಪನ ಅಂಗಡಿಯ ಬೋರ್ಡಾಗಿತ್ತು, ಅದರ ಕೆಳಗೆ ಸಹಿ ಮಾಡಿದವನು ಅಣ್ಣ. ಆ ರೋಗಿ ಬಾಗಿಲು ದಾಟುವ ಮೊದಲೇ ರಾಘಣ್ಣ ಮೈಲಾರಲಿಂಗಪ್ಪನನ್ನು ಕೊಲ್ಲಬೇಕೆಂದು ನಿಶ್ಚಯಿಸಿದ್ದ. ನಿಶ್ಚಯಿಸಿದ ಮೇಲೆ ಕೈ ಒರೆಸಿಕೊಂಡು ಮುಂದಿನ ರೋಗಿಯನ್ನು ಕರೆದ.

ವಿಷವನ್ನು ಅವನು ಮೊದಲೇ ಕೈಬಿಟ್ಟ. ಡಾಕ್ಟರನ ವೈರಿ ವಿಷದಿಂದ ಸತ್ತರೆ ಫೌಜದಾರನಿಗೆ ಯೋಚಿಸುವ ಕೆಲಸವೇ ಉಳಿಯುವುದಿಲ್ಲ. ಬಂದೂಕು, ಚೂರಿ, ಕೂಲಿಯವರು ಇವೆಲ್ಲ ಇನ್ನೊಬ್ಬರ ಬಾಯಿಯನ್ನು ನಂಬುವ ದಾರಿಗಳು. ಮೈಲಾರಲಿಂಗಪ್ಪನನ್ನು ಅವನ ಖಾತ್ರಿಯೇ ಕೊಲ್ಲಬೇಕು. ಅವನು ಓಡಿಸಿ ನೋಡಿದ ಗಾಡಿಯೇ ಕೊಲ್ಲಬೇಕು. ಸುದ್ದಿ ಕೇಳಿದವರು ಅಯ್ಯೋ ಎನ್ನುವ ಮೊದಲು, ಅವನ ಗಾಡಿ ಇಂಥದ್ದೇ ಅಲ್ಲವೇ ಎನ್ನಬೇಕು.

ದಾರಿ ಮೈಲಾರಲಿಂಗಪ್ಪನ ಡೌಲಿನಲ್ಲೇ ಇತ್ತು. ಅವನು ಯಾವ ಗಾಡಿಯನ್ನೂ ತಾನು ಪರೀಕ್ಷಿಸದೆ ಕೊಡುತ್ತಿರಲಿಲ್ಲ, ಪರೀಕ್ಷೆ ಎಂದರೆ ಒಂದು ಆಟ. ಊರ ಹೊರಗೆ ರಸ್ತೆ ಕಡಿದಾಗಿ ಇಳಿದು, ತಳದಲ್ಲಿ ಕಲ್ಲಿನ ಸೇತುವೆಗೆ ಹೊರಳುತ್ತದೆ. ಕೊಳ್ಳುವವನನ್ನು ಮೇಲೆ ನಿಲ್ಲಿಸಿ, ಮೈಲಾರಲಿಂಗಪ್ಪ ಒಬ್ಬನೇ ಗಾಡಿಯಲ್ಲಿ ಕುಳಿತು ಆ ಇಳಕಲನ್ನು ಜೋರಾಗಿ ಇಳಿಯುತ್ತಿದ್ದ. ಅರ್ಧ ಇಳಿದಾಗ ಎರಡೂ ಕೈಗಳನ್ನು ಮೇಲಕ್ಕೆತ್ತಿ ತೋರಿಸುತ್ತಿದ್ದ: ನೋಡಿ, ಸ್ಟಿಯರಿಂಗು ಎಷ್ಟು ನೆಟ್ಟಗಿದೆ. ಸೇತುವೆಗೆ ಸ್ವಲ್ಪ ಮೊದಲು ಮತ್ತೆ ಹಿಡಿದು ಹೊರಳಿಸಿ, ತಿರುಗಿ ಬಂದು, ಗಾಡಿಯ ಮೂತಿಯ ಮೇಲೆಯೇ ಕಾಗದ ಇಟ್ಟು ಸಹಿ ಮಾಡುತ್ತಿದ್ದ. ರಾಘಣ್ಣನ ಗಾಡಿ ಕೊಂಡಾಗಲೂ ಹೀಗೆಯೇ ಆಗಿತ್ತು. ವಾದಿರಾಜ ಚಪ್ಪಾಳೆ ತಟ್ಟಿದ್ದ.

ಎಲ್ಲವೂ ಸೋಮವಾರ. ಮೈಲಾರಲಿಂಗಪ್ಪ ಶಿವನ ವಾರ ಬಿಟ್ಟು ಬೇರೆ ದಿನ ಗಾಡಿ ಕೈಬದಲು ಮಾಡುತ್ತಿರಲಿಲ್ಲ. ಅಂದು ಅವನಿಗೆ ಉಪವಾಸ. ಬೆಳಿಗ್ಗೆ ಖಾದರಸಾಬ ಗಾಡಿಯ ನಟ್ಟುಬೋಲ್ಟುಗಳನ್ನೆಲ್ಲ ಬಿಗಿದು ಸಜ್ಜು ಮಾಡುತ್ತಾನೆ. ಮಧ್ಯಾಹ್ನ ಮೈಲಾರಲಿಂಗಪ್ಪ ಹಿತ್ತಲ ಮನೆಯಲ್ಲಿ ಎರಡು ತಾಸು ಪೂಜೆಗೆ ಕೂರುತ್ತಾನೆ. ಒಡೆಯ ಪೂಜೆಗೆ ಕುಳಿತರೆ ಖಾದರಸಾಬನೂ ಊಟಕ್ಕೆ ಮನೆಗೆ ಹೋಗಿ ಒಂದು ನಿದ್ದೆ ತೆಗೆದೇ ಬರುತ್ತಾನೆ. ತಗಡಿನ ಛಪ್ಪರದ ಕೆಳಗೆ ಗಾಡಿ ಒಂಟಿಯಾಗಿರುತ್ತದೆ. ಸಂಜೆ ಐದಕ್ಕೆ ಇಳಕಲು, ಸಹಿ, ಆಮೇಲೆ ಊಟ. ಗಾಡಿ ಕೊಂಡ ದಿನ ರಾಘಣ್ಣ ಇದನ್ನೆಲ್ಲ ಕಾದು ಕುಳಿತು ಬೇಸರದಿಂದ ನೋಡಿದ್ದ. ಈಗ ಆ ಬೇಸರದ ಪ್ರತಿ ಗಳಿಗೆಯೂ ಉಪಯೋಗಕ್ಕೆ ಬಂತು. ಸೋಮವಾರ ಅವನಿಗೂ ಅನುಕೂಲದ ದಿನವೇ. ಅಂದು ದವಾಖಾನೆಗೆ ಹಳ್ಳಿಗಳಿಂದ ರೋಗಿಗಳು ಬರುವುದು ಕಡಿಮೆ. ಎಷ್ಟೋ ವರ್ಷದಿಂದ ಹಾಗೇ ಇತ್ತು.

ಸ್ಟಿಯರಿಂಗ್ ರಾಡಿನ ತುದಿಯನ್ನು ಒಂದು ನಟ್ಟು ಹಿಡಿದಿರುತ್ತದೆ. ನಟ್ಟು ಕುಲುಕಾಟಕ್ಕೆ ಕಳಚದಂತೆ ಅದರ ಅಡ್ಡಕ್ಕೆ ಒಂದು ಸಣ್ಣ ಕಬ್ಬಿಣದ ಪಿನ್ನು. ಪಿನ್ನೇ ಇಲ್ಲದಿದ್ದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಅದರ ಬದಲು ಸೀಸದ ಪಿನ್ನು ಇದ್ದರೆ? ಸೀಸ ಮೆತ್ತಗೆ. ಸಡಿಲಿಸಿದ ನಟ್ಟು ಕುಲುಕಿದಂತೆಲ್ಲ ಸೀಸ ಸವೆದು ಹರಿಯುತ್ತದೆ, ಅದು ಹರಿದ ಮೇಲೆ ನಟ್ಟು ತಿರುಗುತ್ತದೆ, ನಟ್ಟು ಬಿದ್ದ ಮೇಲೆ ರಾಡು. ಉಳಿಯುವುದು ಬರೀ ಒಂದು ತೂತು. ಮಿಸ್ತ್ರಿ ಪಿನ್ನು ಹಾಕಲು ಮರೆತ ಎಂದು ಆ ತೂತೇ ಸಾಕ್ಷಿ ಹೇಳುತ್ತದೆ.

ಔಷಧದ ಪಾರ್ಸೆಲುಗಳಿಗೆ ಬರುವ ಸೀಸದ ಮುದ್ರೆಗಳನ್ನು ಕರಗಿಸಿ ರಾಘಣ್ಣ ಪಿನ್ನುಗಳನ್ನು ಮಾಡಿದ. ತನ್ನ ಗಾಡಿಯ ಮೇಲೆಯೇ ಅವನ್ನು ಪರೀಕ್ಷಿಸಿದ. ಸವಣೂರಿನ ಹೊರಗೆ ಖಾಲಿ ಗಾಡಿದಾರಿಯಲ್ಲಿ ಮನುಷ್ಯ ನಡೆವಷ್ಟೇ ನಿಧಾನವಾಗಿ ಓಡಿಸುತ್ತ, ರಾಡಿನ ಕೆಳಗೆ ತಂತಿಯ ಜೋಳಿಗೆ ಕಟ್ಟಿ, ಪಿನ್ನು ಎಷ್ಟು ದಪ್ಪವಿದ್ದರೆ, ನಟ್ಟು ಎಷ್ಟು ಸಡಿಲವಿದ್ದರೆ ಎಷ್ಟು ದೂರ ಬಾಳುತ್ತದೆ ಎಂದು ನೋಡಿದ. ಮಳೆಗಾಲ ಹಿಡಿಯುವ ಹೊತ್ತಿಗೆ, ಅಂಗಡಿಯಿಂದ ಇಳಕಲಿನ ತಲೆಯವರೆಗೆ ಹಿಡಿದುಕೊಂಡು, ಅರ್ಧ ಇಳಕಲಿನಲ್ಲಿ ಬಿಟ್ಟುಕೊಡುವ ಪಿನ್ನು ಅವನ ಕೈಯಲ್ಲಿತ್ತು. ಇಷ್ಟು ಶ್ರದ್ಧೆಯಿಂದ ಮೈಲಾರಲಿಂಗಪ್ಪ ಆ ರಾಡನ್ನು ಒಂದು ಸಲ ನೋಡಿದ್ದರೆ ವಾದಿರಾಜ ಬದುಕಿರುತ್ತಿದ್ದ. ಈ ಯೋಚನೆ ಬಂದಾಗಲೆಲ್ಲ ಅವನ ಹಲ್ಲು ಕಚ್ಚಿಕೊಳ್ಳುತ್ತಿತ್ತು.

ಉಳಿದದ್ದು, ಆ ಮಧ್ಯಾಹ್ನ ತಾನು ಎಲ್ಲಿದ್ದೆ ಎಂಬುದು. ಅಂಗಡಿಯಲ್ಲಿ ಎಲ್ಲರೆದುರು ಜಗಳವಾಡಿದವನನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ. ಸವಣೂರಿನಿಂದ ಬಂದ ರಸ್ತೆ ಬಂಕಾಪುರದಲ್ಲಿ ಕವಲಾಗುತ್ತದೆ. ಬಲಕ್ಕೆ ಶಿಗ್ಗಾಂವಿ, ಎಡಕ್ಕೆ ಹದಿನಾಲ್ಕು ಮೈಲಿ ಹೋದರೆ ಹಾನಗಲ್ಲು. ಹಾನಗಲ್ಲಿನಲ್ಲಿ ಅವನಿಗೆ ಉಬ್ಬಸದ ಒಬ್ಬ ಹಳೆಯ ರೋಗಿ ಇದ್ದಳು, ರೈತ ಚೌಡಪ್ಪನ ತಾಯಿ ಭರಮವ್ವ. ಬೆಳಿಗ್ಗೆ ಹೊರಟವನು ಮಧ್ಯಾಹ್ನದೊಳಗೆ ಅಲ್ಲಿರಬೇಕು. ಸಂಜೆ ನಾಲ್ಕಕ್ಕೆ ತಲುಪುತ್ತಾನೆ. ನಡುವಿನ ಹೊತ್ತನ್ನು ಕೆಸರು ತಿಂದಿರಬೇಕು. ಗಾಡಿ ಹಾನಗಲ್ಲ ದಾರಿಯಲ್ಲಿ ಹೂತುಹೋಯಿತು. ಹೊಲದಲ್ಲಿ ಎತ್ತು ಹೂಡಿ ಕಳೆಗೆ ಎಡೆ ಹೊಡೆಯುತ್ತಿದ್ದ ರೈತನೊಬ್ಬ ಅವನ್ನು ಬಿಚ್ಚಿ ತಂದು, ಹಗ್ಗ ಕಟ್ಟಿ ಎಳೆಸಿದ. ಹೆಸರು ಕೇಳುವ ಮೊದಲೇ ಹೊರಟುಹೋದ.

ಹೆಸರಿಲ್ಲದ ಈ ರೈತನ ಬಗ್ಗೆ ರಾಘಣ್ಣನಿಗೆ ವಿಶೇಷ ಹೆಮ್ಮೆಯಿತ್ತು. ಗುರುತಿನವನ ಹೆಸರು ಹೇಳಿದರೆ ಅವನನ್ನು ಕರೆಸಿ ಕೇಳಬಹುದು. ಇಲ್ಲದವನನ್ನು ಕರೆಸಲಾಗದು. ಅವನು ಇರಲಿಲ್ಲವೆಂದು ತೋರಿಸಲೂ ಆಗದು. ಇದೆ ಎಂಬುದಕ್ಕೆ ಒಂದು ಸಾಕ್ಷಿ ಸಾಕು. ಇಲ್ಲ ಎಂಬುದನ್ನು ಸಾಧಿಸಬಲ್ಲ ಪ್ರಯೋಗ ಯಾವುದೂ ಇಲ್ಲ. ಕಾಲೇಜಿನಲ್ಲಿ ಕಲಿತದ್ದರಲ್ಲಿ ಇದೊಂದು ಮಾತು ಅವನಿಗೆ ಚೆನ್ನಾಗಿ ನೆನಪಿತ್ತು.

ಜೂನ್ ಕೊನೆಗೆ, ತಡಸದ ಕಂತ್ರಾಟದಾರನೊಬ್ಬ ಬರುವ ಸೋಮವಾರ ಶಿಗ್ಗಾಂವಿಯಿಂದ ಖಾತ್ರಿ ಗಾಡಿ ತರಲಿದ್ದಾನೆಂದು ರೋಗಿಗಳ ಮಾತಿನಲ್ಲಿ ಕೇಳಿಬಂತು. ಆ ಸೋಮವಾರ ತಾನು ಬರುವುದಾಗಿ ರಾಘಣ್ಣ ಚೌಡಪ್ಪನಿಗೆ ಹೇಳಿಕಳುಹಿಸಿದ.

ಜುಲೈ ನಾಲ್ಕು. ಬೆಳಗಿನಿಂದ ಸಣ್ಣ ಮಳೆ. ಬಂಕಾಪುರ ದಾಟಿ ಬಲಕ್ಕೆ ಹೊರಳಿದ ಮೇಲೆ ದಾರಿಯಲ್ಲಿ ಒಂದು ಬಂಡಿಯೂ ಎದುರಾಗಲಿಲ್ಲ. ಬಸ್ಸೊಂದು ಬರುವ ಹೊತ್ತು ಅವನಿಗೆ ಗೊತ್ತಿತ್ತು. ಅಷ್ಟರಲ್ಲಿ ಗಾಡಿಯನ್ನು ಹುಣಸೆ ತೋಪಿನೊಳಗೆ ಇಳಿಸಿ ಮರೆ ಮಾಡಿದ್ದ. ಕಂಬಳಿಯ ಕೊಪ್ಪೆ ತಲೆಯಿಂದ ಹೊದ್ದು ಹೊಲದ ಬದುಗುಂಟ ಶಿಗ್ಗಾಂವಿಯ ಕಡೆ ನಡೆದ. ಮಳೆಯಲ್ಲಿ ಕೊಪ್ಪೆ ಹೊದ್ದವನಿಗೆ ಮುಖವಿಲ್ಲ, ಜಾತಿಯಿಲ್ಲ, ಡಾಕ್ಟರಿಕೆಯಿಲ್ಲ. ಹೊಲಗಳೂ ಖಾಲಿ. ಎಲ್ಲ ತನ್ನ ಲೆಕ್ಕದಂತೆ ನಡೆಯುತ್ತಿದೆ ಎಂದುಕೊಂಡ.

ಹಿತ್ತಲ ಮನೆಯಿಂದ ಗಂಟೆಯ ಸದ್ದು ಬರುತ್ತಿತ್ತು. ಛಪ್ಪರದ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಹೊಸ ಬಣ್ಣ ಹೊಡೆದ ನೀಲಿ ಗಾಡಿ ಮೂತಿಗೆ ಹೂವಿನ ಮಾಲೆ ಹಾಕಿಕೊಂಡು ನಿಂತಿತ್ತು. ರಾಘಣ್ಣ ಅದರ ಅಡಿಗೆ ಹೋದ. ಖಾದರಸಾಬ ಹಾಕಿದ ಪಿನ್ನು ಹೊಸದು, ಕಾಲುಗಳನ್ನು ಚೊಕ್ಕಟವಾಗಿ ಮಡಚಿದ್ದ. ಅದನ್ನು ಇಕ್ಕಳದಿಂದ ನೆಟ್ಟಗೆ ಮಾಡಿ ಎಳೆದ. ನಟ್ಟು ಸಡಿಲಿಸಿದ. ಸೀಸದ ಪಿನ್ನು ತೂರಿಸಿ, ಕಪ್ಪು ಗ್ರೀಸು ಸವರಿದ. ಆ ರಾಡಿನ ಮೇಲೆಯೂ ಒಂದು ಹಳೆಯ ಬೆಸುಗೆ ಕಂಡಿತು. ಕಪ್ಪು ಬಣ್ಣದ ಕೆಳಗೆ, ಬೆರಳಿಗೆ ತಾಗುವಷ್ಟು ಉಬ್ಬಿಕೊಂಡು. ಗಾಡಿಯ ಅಡಿಯಲ್ಲಿ ಮಲಗಿದ್ದ ಹಾಗೆಯೇ ಅವನಿಗೆ ಕಿರುಚಬೇಕೆನಿಸಿತು. ಏಳು ತಿಂಗಳಾಗಿತ್ತು, ಒಬ್ಬ ಸತ್ತಿದ್ದ, ಇವನು ಇನ್ನೂ ಅದೇ ಮಾಡುತ್ತಿದ್ದ.

ಆಮೇಲೆ ಬಂಕಾಪುರಕ್ಕೆ ಹಿಂದಿರುಗಿ, ಎಡಕ್ಕೆ ಹಾನಗಲ್ಲ ದಾರಿ ಹಿಡಿದ. ನಾಲ್ಕು ಮೈಲಿಯ ಮೇಲೆ, ಗುರುತಿಸಿಟ್ಟ ತಗ್ಗಿನಲ್ಲಿ ಗಾಡಿಯನ್ನು ಬೇಕೆಂದೇ ಕೆಸರಿಗೆ ಇಳಿಸಿ, ಗಾಲಿ ಸುತ್ತಿಸಿ, ಹೊರತೆಗೆದ. ಮುಂದಿನ ಅಚ್ಚಿಗೆ ಒರಟು ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಜಾಲಿಯ ಮರಕ್ಕೆ ಬಿಗಿದು, ಗಾಡಿಯನ್ನು ಹಿಂದಕ್ಕೆ ಜಗ್ಗಿ ನಾರು ಅಂಟುವಂತೆ ಮಾಡಿದ. ಧೋತರಕ್ಕೆ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡ.

ಚೌಡಪ್ಪನ ಮನೆಯ ತಲೆಬಾಗಿಲೊಳಗೆ ಒಂದು ಬದಿಗೆ ಎತ್ತುಗಳ ಗೋದಲಿ. ಮೈ ತೊಳೆಸಿಕೊಂಡು, ಹಣೆಗೆ ಭಂಡಾರ ಹಚ್ಚಿಸಿಕೊಂಡು ಎರಡು ಎತ್ತು ನಿಂತು ಮೆಲುಕು ಹಾಕುತ್ತಿದ್ದವು. ರಾಘಣ್ಣ ಅವುಗಳ ಬಾಲ ತಪ್ಪಿಸಿಕೊಂಡು ಪಡಸಾಲೆಗೆ ಹತ್ತಿದ.

"ಬರ್ರಿ ಡಾಕ್ಟರ್ರ, ಕುಂತ್ರಿ. ಮುಂಜಾನೆ ಬರ್ತಾರಂತ ಅವ್ವ ದಾರಿ ನೋಡಿ ನೋಡಿ ಸಾಕಾದ್ಲು" ಎಂದ ಚೌಡಪ್ಪ. "ಇದೇನ್ರಿ, ಹೊಲಾ ಹರಗಿ ಬಂದಾವ್ರ ಹಂಗ ಆಗೀರಿ?"

ರಾಘಣ್ಣ ಭರಮವ್ವನ ಬೆನ್ನಿಗೆ ಕೊಳವೆ ಹಚ್ಚಿ ಕೇಳಿದ, ಔಷಧ ಕೊಟ್ಟ, ಆಮೇಲೆ ಚಹಾ ಕುಡಿಯುತ್ತ ಕಥೆ ಹೇಳಿದ. ಅವಸರ ಮಾಡಲಿಲ್ಲ. ಪಡಸಾಲೆಯಲ್ಲಿ ನೆರೆಯ ಅಡಿವೆವ್ವ, ಶಾರವ್ವ, ಇನ್ನಿಬ್ಬರು ಗಂಡಸರೂ ಕುಳಿತಿದ್ದರು. ಇಷ್ಟು ಕಿವಿಗಳು ಸಾಕು.

"ಎಡಿ ಹೊಡ್ಯಾಕತ್ತಿದ್ನ್ರಿ?" ಎಂದ ಚೌಡಪ್ಪ.

"ಹೌದು. ಎಡಿ ಬಿಟ್ಟು ಎತ್ತು ಹೊಡಕೊಂಡು ಬಂದ. ಬಿಳೇ ಎತ್ತು, ಭಾರೀ ಜೋಡಿ."

"ಇವತ್ತ?"

"ಇವತ್ತ, ಮಧ್ಯಾಹ್ನದಾಗ."

ಗಂಡಸರಲ್ಲಿ ಒಬ್ಬ ಇನ್ನೊಬ್ಬನನ್ನು ನೋಡಿದ. ಅಡಿವೆವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. "ಯಾರ ಇರಬೇಕಪಾ ಆ ಪುಣ್ಯಾತ್ಮಾ" ಎಂದಳು ಭರಮವ್ವ, ಉಸಿರೆಳೆಯುತ್ತ. "ಅವನ ಮುಖಾ ನೋಡಬೇಕಿತ್ತು ನಾ."

"ನನಗೂ ಮತ್ತ ನೋಡಬೇಕಂತ ಆಸೆ ಅದ, ಭರಮವ್ವ" ಎಂದ ರಾಘಣ್ಣ. ಯಾರೂ ಮುಂದೆ ಏನೂ ಕೇಳಲಿಲ್ಲ. ದೊಡ್ಡವರ ಮಾತಿಗೆ ಎದುರಾಡುವ ರೂಢಿ ಆ ಪಡಸಾಲೆಗೆ ಇರಲಿಲ್ಲ. ಅವರು ನಂಬಿದರು ಎಂದು ಅವನು ತಿಳಿದ. ಗೋಡೆಯ ಗಡಿಯಾರ ಐದು ಹೊಡೆಯಿತು.

ಸುದ್ದಿ ಮರುದಿನ ಸವಣೂರಿಗೆ ಬಂತು. ಮೈಲಾರಲಿಂಗಪ್ಪ ಇಳಕಲಿನಲ್ಲಿ ಎರಡೂ ಕೈ ಎತ್ತಿದ್ದನಂತೆ. ಕಂತ್ರಾಟದಾರ ಮೇಲಿನಿಂದ ನೋಡುತ್ತಿದ್ದನಂತೆ. ಕೈ ಇಳಿಸಿ ಹಿಡಿದಾಗ ಗಾಡಿ ಹೊರಳಲಿಲ್ಲವಂತೆ. ಸೇತುವೆಯ ಕಲ್ಲಿಗೆ ಎದೆ ಬಡಿದು ಅಲ್ಲೇ ಸತ್ತನಂತೆ. ಸಹಿಯ ಜಾಗ ಖಾಲಿ ಬಿಟ್ಟ ಖಾತ್ರಿಪತ್ರ ಅವನ ಕಿಸೆಯಲ್ಲಿತ್ತಂತೆ.

ರಾಘಣ್ಣ ಕಾದಿದ್ದ ಸಮಾಧಾನ ಬರಲಿಲ್ಲ. ಬಂದದ್ದು ಇನ್ನೊಂದು ಸಿಟ್ಟು: ಏಕೆ ಸಾಯುತ್ತಿದ್ದೇನೆಂದು ಅವನಿಗೆ ಗೊತ್ತಾಗಲಿಲ್ಲ. ಆ ಕೊನೆಯ ಗಳಿಗೆಯಲ್ಲಿ ಅವನೂ ವಾದಿರಾಜನ ಹಾಗೆ ಬರೀ ಸೋಜಿಗಪಟ್ಟಿರಬೇಕು, ಅಷ್ಟೇ.

ಖಾದರಸಾಬ ಫೌಜದಾರರೆದುರು ಕುರಾನಿನ ಮೇಲೆ ಕೈಯಿಟ್ಟು ಹೇಳಿದನೆಂದು ಆಮೇಲೆ ಕೇಳಿಬಂತು: ಪಿನ್ನು ತಾನೇ ಹಾಕಿದ್ದು, ಕಂತ್ರಾಟದಾರನ ಕಣ್ಣೆದುರಿಗೆ ಹಾಕಿದ್ದು. ಕಂತ್ರಾಟದಾರನೂ ಹೌದೆಂದ, ಆಮೇಲೆ ತಾನೂ ಊಟಕ್ಕೆ ಹೋಗಿದ್ದೆನೆಂದ. ಹಾಗಾದರೆ ಮಧ್ಯಾಹ್ನ ಯಾರೋ ತೆಗೆದಿದ್ದಾರೆ. ಮೈಲಾರಲಿಂಗಪ್ಪನ ಮೇಲೆ ಸಿಟ್ಟಿದ್ದವರ ಹೆಸರುಗಳು ಬಹಳ ಬಂದವು, ರಾಘಣ್ಣನದೂ ಬಂತು. ಶುಕ್ರವಾರ ಶಿಗ್ಗಾಂವಿಯ ಚಾವಡಿಗೆ ಬಂದು ಹೋಗಬೇಕೆಂದು ಫೌಜದಾರ ನಾಗಪ್ಪ ವಿನಯದಿಂದಲೇ ಹೇಳಿಕಳುಹಿಸಿದ. ಸವಣೂರು ಸಂಸ್ಥಾನದ ಊರು; ರಾಘಣ್ಣ ಹೋಗದೆ ಕುಳಿತಿದ್ದರೆ ಬ್ರಿಟಿಷ್ ಹದ್ದಿನ ಫೌಜದಾರ ಅರ್ಜಿ ಬರೆಯುತ್ತ ತಿಂಗಳುಗಟ್ಟಲೆ ಕಾಯಬೇಕಿತ್ತು. ತಪ್ಪಿಲ್ಲದವನು ಹೋಗುತ್ತಾನೆ. ರಾಘಣ್ಣ ಇಸ್ತ್ರಿಯ ಕೋಟು ತೊಟ್ಟು, ತನ್ನ ಗಾಡಿಯನ್ನು ತಾನೇ ಓಡಿಸಿಕೊಂಡು ಹೋದ.

ನಾಗಪ್ಪ ಕಾರವಾರದ ಸಮುದ್ರದ ಕಡೆಯವನು, ಈ ಭಾಗಕ್ಕೆ ಬಂದು ಮೂರು ವಾರವಾಗಿತ್ತು. ಕುರ್ಚಿ ಕೊಟ್ಟು ಕೂರಿಸಿದ. ಜಗಳವಾಡಿದ್ದು ನಿಜವೇ ಎಂದು ಕೇಳಿದ. ನಿಜ, ಎಂದ ರಾಘಣ್ಣ, ಅವನು ಸತ್ತದ್ದಕ್ಕೆ ಅಳುವ ಢೋಂಗು ಮಾಡುವುದಿಲ್ಲ ಎಂದೂ ಸೇರಿಸಿದ. ನಾಗಪ್ಪ ತಲೆಯಾಡಿಸಿದ. ಸೋಮವಾರ ಮಧ್ಯಾಹ್ನದ ಮಾತು ಬಂದಾಗ ರಾಘಣ್ಣ ಕೆಸರು, ಹೊಲ, ಎಡೆ, ಬಿಳಿಯ ಜೋಡಿ, ಹಗ್ಗ ಎಲ್ಲವನ್ನೂ ಹೇಳಿದ. ಕಾರಕೂನ ಬರೆದುಕೊಂಡ. ಫೌಜದಾರ ಹೊರಗೆ ಹೋಗಿ ಅಚ್ಚಿಗೆ ಅಂಟಿದ ನಾರನ್ನು ಬೆರಳಿನಿಂದ ಮುಟ್ಟಿ ನೋಡಿ ಬಂದ. ಅವನ ಮುಖದಲ್ಲಿ ಒಂದು ಕೆಲಸ ಮುಗಿದ ನಿರಾಳವಿತ್ತು.

"ಓದಿ ಹೇಳಿ ಪಂಚರ ಹೆಬ್ಬೆಟ್ಟು ತಕ್ಕೊಳ್ರಿ" ಎಂದು ಕಾರಕೂನನಿಗೆ ಹೇಳಿದ. "ಡಾಕ್ಟರ್ ಸಾಹೇಬ್ರಿಗೆ ಹೊತ್ತಾಗ್ತದೆ."

ಪಂಚರು ಇಬ್ಬರು, ಬಂಕಾಪುರದ ಕಡೆಯ ರೈತ ಗುತ್ತೆಪ್ಪ, ಶಿಗ್ಗಾಂವಿಯ ಗಿರಿಯಪ್ಪ. ಕಾರಕೂನ ಗಟ್ಟಿಯಾಗಿ ಓದಿದ. ಗುತ್ತೆಪ್ಪ ಹೆಬ್ಬೆರಳಿಗೆ ಮಸಿ ಹಚ್ಚಿಸಿಕೊಂಡು ಕಾಗದದ ಮೇಲೆ ಬಾಗಿದವನು ಹಾಗೆಯೇ ನಿಂತ.

"ಯಾಕೋ?" ಎಂದ ನಾಗಪ್ಪ.

"ಇದರಾಗ ಸೋಮವಾರಂತ ಬರದಾರಲ್ರಿ ಸಾಹೇಬ್ರ."

"ಸೋಮವಾರವೇ. ಅದಕ್ಕೇನು?"

ಗುತ್ತೆಪ್ಪ ಗಿರಿಯಪ್ಪನ ಕಡೆ ನೋಡಿದ. ಗಿರಿಯಪ್ಪ ನೆಲ ನೋಡುತ್ತಿದ್ದ. "ಸೋಮವಾರ ಎಡಿ ಹೊಡ್ಯಾಕ ಎತ್ತು ಹೂಡಿದ್ರಂತ ನಾ ಹೆಬ್ಬೆಟ್ಟ ಒತ್ತಿದ್ರ, ನಮ್ಮೂರಾಗ ನನಗ ನೀರ ಕೊಡಾಂಗಿಲ್ರಿ."

ಸೋಮವಾರ ಬಸವಣ್ಣನ ವಾರ. ಆ ನಾಡಿನ ರೈತ ಅಂದು ಎತ್ತಿನ ಹೆಗಲಿಗೆ ನೊಗ ಮುಟ್ಟಿಸುವುದಿಲ್ಲ. ಹದ ತಪ್ಪಿದರೂ ಇಲ್ಲ, ಧಣಿ ಹೇಳಿದರೂ ಇಲ್ಲ. ಎತ್ತಿನ ಮೈ ತೊಳೆದು, ಪೂಜೆ ಮಾಡಿ, ಮನೆಯಲ್ಲೇ ಮೇವು ಹಾಕುತ್ತಾನೆ. ತಲೆಮಾರಿನಿಂದ ಹೊಲವನ್ನು ಕೋರಿಗೆ, ಬೇರೆಯವರ ಪಾಲಿನ ಸಾಗುವಳಿಗೆ, ಕೊಟ್ಟು ಪುಸ್ತಕ ಓದಿದ ಮನೆಯವನಾದ ರಾಘಣ್ಣ ಮೈಲಾರಲಿಂಗಪ್ಪನ ಸೋಮವಾರವನ್ನು ಗಳಿಗೆ ಗಳಿಗೆ ಬಲ್ಲವನಾಗಿದ್ದ. ಎತ್ತಿಗೂ ಒಂದು ಸೋಮವಾರವಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಯಾರಿಗೂ ಹೇಳುವುದಿಲ್ಲ. ನಾಗಪ್ಪ ಅವನನ್ನು ಚಾವಡಿಯಲ್ಲೇ ಇರಿಸಿ, ಮರುದಿನ ಬಂಕಾಪುರದಿಂದ ಹಾನಗಲ್ಲಿನವರೆಗೆ ಊರೂರಿಗೆ, ಹೊಲಹೊಲಕ್ಕೆ ಹೋಗಿ ಕೇಳಿ, ಸಂಜೆ ಬಂದು ವರದಿಯ ಕೊನೆಯ ಸಾಲು ಬರೆಯಿಸಿದ: ದೂರ ಹದಿನಾಲ್ಕು ಮೈಲಿ, ಜುಲೈ ನಾಲ್ಕರಂದು ಆ ದಾರಿಯ ಎರಡೂ ಬದಿಗೆ ಹೊಲದಲ್ಲಿ ಹೂಡಿದ ಎತ್ತಿನ ಜೋಡಿ, ಸೊನ್ನೆ.